ಊರು ಬಿಡಲು ಎಷ್ಟು ಕಾಗದ ಬೇಕು?

1938ರ ಜೂನ್ 2ರಂದು ವಿಯೆನ್ನಾದ ಬೆರ್ಗ್‌ಗಾಸ್ಸೆ ಬೀದಿಯ 19ನೇ ಸಂಖ್ಯೆಯ ಮನೆಗೆ ತೆರಿಗೆ ಇಲಾಖೆಯಿಂದ ಒಂದು ಕಾಗದ ಬಂತು. ಈ ಮನೆಯವರಿಂದ ಸರ್ಕಾರಕ್ಕೆ ಬರಬೇಕಾದ ಬಾಕಿ ಏನೂ ಉಳಿದಿಲ್ಲ, ಇವರು ದೇಶ ಬಿಟ್ಟು ಹೋಗಲು ನಮ್ಮ ಅಡ್ಡಿಯಿಲ್ಲ ಎಂಬುದು ಅದರ ಸಾರ. ನಮ್ಮ ಸಹಕಾರಿ ಸಂಘಗಳಲ್ಲಿ ಸಾಲ ತೀರಿಸಿದವರು ಕೇಳಿ ಪಡೆಯುವ ಬೇಬಾಕಿ ಪತ್ರ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಆ ಒಂದು ಹಾಳೆಗಾಗಿ 82 ವರ್ಷದ ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಮತ್ತು ಅವರ ಪತ್ನಿ, 76 ವರ್ಷದ ಮಾರ್ತಾ, ವಾರಗಟ್ಟಲೆ ಕಾದಿದ್ದರು. ಅದು ಕೈಸೇರಿದ ಎರಡೇ ದಿನಕ್ಕೆ ಇಬ್ಬರೂ ರೈಲು ಹತ್ತಿದರು.

ಹಿಟ್ಲರನ ಕಾಲದ ಯಹೂದಿಗಳ ಕಥೆ ಕೇಳಿದವರ ಬಾಯಲ್ಲಿ ಬರುವ ಪ್ರಶ್ನೆ ಒಂದೇ: ಅಪಾಯ ಕಣ್ಣೆದುರೇ ಇದ್ದಾಗ ಅವರು ಮೊದಲೇ ಏಕೆ ಹೊರಟುಹೋಗಲಿಲ್ಲ? ನಾನೂ ಬಹಳ ವರ್ಷ ಹಾಗೆಯೇ ಕೇಳಿಕೊಂಡಿದ್ದೆ. ಮನಸ್ಸು ಮಾಡಿದ್ದರೆ ಹೊರಡಬಹುದಿತ್ತು ಎಂಬ ಎಣಿಕೆ ಆ ಪ್ರಶ್ನೆಯೊಳಗೇ ಅಡಗಿದೆ, ಅದು ತಪ್ಪು ಎಣಿಕೆ. ಹೊರಡಲು ಒಳಗಿನ ಸರ್ಕಾರ ಬಾಗಿಲು ತೆರೆಯಬೇಕಿತ್ತು, ಹೊರಗಿನ ಸರ್ಕಾರವೂ ಬಾಗಿಲು ತೆರೆಯಬೇಕಿತ್ತು, ಎರಡೂ ಒಂದೇ ಹೊತ್ತಿಗೆ ತೆರೆದಿರಬೇಕಿತ್ತು. ವಯಸ್ಸಾದವರ ಮಟ್ಟಿಗಂತೂ ಈ ಹೊಂದಾಣಿಕೆ ತೀರಾ ಅಪರೂಪ. ಫ್ರಾಯ್ಡ್ ದಂಪತಿಯ ಪ್ರಯಾಣವನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅವರಿಗೆ ಲೋಕವೆಲ್ಲ ಬಲ್ಲ ಹೆಸರಿತ್ತು. ಬೆನ್ನಿಗೆ ಒಬ್ಬ ರಾಜಕುಮಾರಿಯ ಹಣ, ಒಬ್ಬ ರಾಯಭಾರಿಯ ಒತ್ತಾಸೆ, ಬ್ರಿಟಿಷ್ ಗೃಹಮಂತ್ರಿಯವರೆಗೆ ತಲುಪಬಲ್ಲ ಶಿಷ್ಯ ಇದ್ದರು. ಆದರೂ ಸುಮಾರು ಮೂರು ತಿಂಗಳು ಹಿಡಿಯಿತು.

ಜರ್ಮನಿಯ ಸೇನೆ ಆಸ್ಟ್ರಿಯಾವನ್ನು ಹೊಕ್ಕದ್ದು 1938ರ ಮಾರ್ಚ್ 12ರಂದು. ವಿಯೆನ್ನಾದಲ್ಲಿ ಆಗ ಸುಮಾರು 1,70,000 ಯಹೂದಿಗಳಿದ್ದರು. ಫ್ರಾಯ್ಡ್ ಕುಟುಂಬ ಅದೇ ಮನೆಯಲ್ಲಿ 1891ರಿಂದ, ಅಂದರೆ 47 ವರ್ಷಗಳಿಂದ ವಾಸವಾಗಿತ್ತು. ರೋಗಿಯನ್ನು ಮಾತನಾಡಿಸುತ್ತಲೇ ಅವರ ಮನಸ್ಸಿನ ಆಳವನ್ನು ಅರಿಯುವ ಮನೋವಿಶ್ಲೇಷಣೆ ಎಂಬ ವಿದ್ಯೆ ಬೆಳೆದದ್ದು ಅಲ್ಲಿನ ಒಂದು ಮಂಚದ ಪಕ್ಕದಲ್ಲಿ. 1923ರಿಂದ ಫ್ರಾಯ್ಡ್ ಅವರಿಗೆ ದವಡೆಯ ಕ್ಯಾನ್ಸರ್ ಇತ್ತು. ಹಲವಾರು ಶಸ್ತ್ರಚಿಕಿತ್ಸೆಗಳಾಗಿ ಬಾಯಿಯ ಒಳಗೆ ಕೃತಕ ಅಂಗುಳ ಇಟ್ಟುಕೊಂಡೇ ಮಾತನಾಡುತ್ತಿದ್ದರು, ಊಟ ಮಾಡುತ್ತಿದ್ದರು.

ಮಾರ್ಚ್ 15ರಂದು ನಾಜಿ ಪಡೆಯ ಜನ ಬಂದೂಕು ಹಿಡಿದು ಮನೆಗೆ ನುಗ್ಗಿದರು. ಮಾರ್ತಾ ಅವರು ಅಂದು ನಡೆದುಕೊಂಡ ರೀತಿ ನನ್ನ ಮನಸ್ಸಿನಿಂದ ಮಾಸುವುದಿಲ್ಲ. ಬಂದವರನ್ನು ಅತಿಥಿಗಳಂತೆಯೇ ಕಂಡು, ಬಂದೂಕುಗಳನ್ನು ಕೊಡೆ ಇಡುವ ಸ್ಟ್ಯಾಂಡಿನಲ್ಲಿ ಇಡಿ, ಕುಳಿತುಕೊಳ್ಳಿ ಎಂದರು. ಮನೆಖರ್ಚಿಗೆ ಇಟ್ಟಿದ್ದ ಹಣವನ್ನು ತಂದು ಮೇಜಿನ ಮೇಲಿಟ್ಟರು ಎಂಬುದು ಆ ಕುಟುಂಬದ ನೆನಪು. ಬಂದವರು ಅಂದು ಮನೆಯಿಂದ 6,000 ಷಿಲಿಂಗ್ ತೆಗೆದುಕೊಂಡು ಹೋದರು.

ಮರುದಿನವೇ ಲಂಡನ್ನಿನಿಂದ ಶಿಷ್ಯ ಅರ್ನೆಸ್ಟ್ ಜೋನ್ಸ್ ಬಂದಿಳಿದರು. ಕಾಗದಗಳಿಗಿಂತ ಮೊದಲು ಎದುರಾದ ಅಡ್ಡಿ ಫ್ರಾಯ್ಡ್ ಅವರ ಮನಸ್ಸು. ತಾನು ಊರು ಬಿಟ್ಟರೆ ಸೈನಿಕ ಕಾವಲು ಬಿಟ್ಟು ಓಡಿದಂತೆ ಎಂಬುದು ಅವರ ವಾದ. ಜೋನ್ಸ್ ಆಗ ಟೈಟಾನಿಕ್ ಹಡಗಿನ ಅಧಿಕಾರಿ ಲೈಟೋಲರ್ ಅವರ ಪ್ರಸಂಗ ಹೇಳಿದರಂತೆ. ಹಡಗನ್ನು ಬಿಟ್ಟು ಏಕೆ ಬಂದಿರಿ ಎಂದು ಕೇಳಿದವರಿಗೆ ಆತ, ನಾನು ಹಡಗನ್ನು ಬಿಡಲಿಲ್ಲ, ಹಡಗೇ ನನ್ನನ್ನು ಬಿಟ್ಟಿತು ಎಂದಿದ್ದನಂತೆ. ನೀವು ಬಲ್ಲ ಆಸ್ಟ್ರಿಯಾ ಈಗಿಲ್ಲ, ಆದ್ದರಿಂದ ನೀವು ಬಿಟ್ಟು ಹೋಗುವುದಕ್ಕೆ ಏನೂ ಉಳಿದಿಲ್ಲ ಎಂಬುದು ಆ ಮಾತಿನ ತಾತ್ಪರ್ಯ. ವಯಸ್ಸಾದವರು ಊರು ಬಿಡಲು ಹಿಂಜರಿಯುವುದನ್ನು ಮೊಂಡುತನ ಎಂದು ತಳ್ಳಿಹಾಕುವವರು ಇದನ್ನು ನೆನಪಿಡಬೇಕು. 80 ದಾಟಿದವರಿಗೆ ತಮ್ಮ ಡಾಕ್ಟರು, ತಮ್ಮ ಭಾಷೆ, ಕಣ್ಣುಮುಚ್ಚಿಕೊಂಡು ನಡೆಯಬಲ್ಲ ಬೀದಿ, ಇವೇ ಬದುಕಿನ ಊರುಗೋಲು.

ಮನಸ್ಸನ್ನು ಕೊನೆಗೂ ಬದಲಿಸಿದ್ದು ಮಾರ್ಚ್ 22. ಅಂದು ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊದವರು ಮಗಳು ಆನ್ನಾ ಅವರನ್ನು ವಿಚಾರಣೆಗೆಂದು ಕರೆದೊಯ್ದರು. ಹಿಂಸೆ ತಾಳಲಾರದಂಥ ಹೊತ್ತು ಬಂದರೆ ಇರಲಿ ಎಂದು ಮನೆಯ ಡಾಕ್ಟರು ಆಕೆಯ ಕೈಗೆ ನಿದ್ರೆಮಾತ್ರೆಗಳನ್ನು ಕೊಟ್ಟು ಕಳಿಸಿದ್ದರು. ಮುದುಕ ತಂದೆ ಇಡೀ ದಿನ ಮನೆಯೊಳಗೆ ಅತ್ತಿಂದಿತ್ತ ನಡೆದಾಡಿದರು. ಸಂಜೆ ಆನ್ನಾ ಮರಳಿದರು. ಆಮೇಲೆ ಹೋಗುವುದೋ ಬೇಡವೋ ಎಂಬ ಚರ್ಚೆ ಮುಗಿಯಿತು. ಹೋಗುವುದು ಹೇಗೆ ಎಂಬುದಷ್ಟೇ ಉಳಿಯಿತು.

ಹೊರಗಿನ ಬಾಗಿಲನ್ನು ಮೊದಲು ನೋಡೋಣ, ಅದು ಈ ದಂಪತಿಗೆ ಬೇಗ ತೆರೆಯಿತು. ಬ್ರಿಟನ್ನಿನ ಗೃಹಮಂತ್ರಿ ಸ್ಯಾಮ್ಯುಯೆಲ್ ಹೋರ್ ಅವರ ಪರಿಚಯ ಜೋನ್ಸ್‌ಗೆ ಐಸ್ ಮೇಲೆ ಜಾರುವ ಆಟದ ಕ್ಲಬ್ಬಿನಿಂದ ಇತ್ತು. ಆ ಪರಿಚಯ ಹಿಡಿದು ಕುಟುಂಬಕ್ಕೆ, ಡಾಕ್ಟರಿಗೆ, ಮನೆಗೆಲಸದ ಪೌಲಾ ಫಿಖ್ಟಲ್ ಅವರಿಗೆ ಸೇರಿದಂತೆ ಪ್ರವೇಶದ ಅನುಮತಿ, ದುಡಿಯುವ ಅನುಮತಿ ದೊರೆತವು. ಪರಿಚಯ ಇಲ್ಲದವರಿಗೆ ಏನಾಯಿತು ಎಂಬುದಕ್ಕೆ ಮುಂದೆ ಬರುತ್ತೇನೆ.

ಒಳಗಿನ ಬಾಗಿಲು ಕಷ್ಟದ್ದು. ಅದರ ಮುಖ್ಯ ಅಗುಳಿಯ ಹೆಸರು 'ರೈಷ್ಸ್‌ಫ್ಲುಖ್ಟ್‌ಸ್ಟಾಯರ್', ಅಂದರೆ ದೇಶ ಬಿಟ್ಟು ಓಡುವವರ ಮೇಲಿನ ತೆರಿಗೆ. ಇದನ್ನು ತಂದವರು ನಾಜಿಗಳಲ್ಲ. 1931ರ ಡಿಸೆಂಬರ್‌ನಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಸಿರಿವಂತರು ಬಂಡವಾಳವನ್ನು ಹೊರದೇಶಕ್ಕೆ ಸಾಗಿಸುವುದನ್ನು ತಡೆಯಲು ಅಂದಿನ ಜರ್ಮನ್ ಸರ್ಕಾರ ಇದನ್ನು ಮಾಡಿತ್ತು. ಎರಡು ಲಕ್ಷ ಮಾರ್ಕ್‌ಗೂ ಮೀರಿದ ಆಸ್ತಿ ಇದ್ದವರು ದೇಶ ಬಿಟ್ಟರೆ ಅದರ ಕಾಲು ಭಾಗ ತೆರಬೇಕಿತ್ತು. ನಾಜಿಗಳು 1934ರಲ್ಲಿ ಆ ಮಿತಿಯನ್ನು 50,000 ಮಾರ್ಕ್‌ಗೆ ಇಳಿಸಿದರು. ಅಷ್ಟರಲ್ಲಿ ಹೊರಡಲೇಬೇಕಾದ ಸ್ಥಿತಿಯಲ್ಲಿದ್ದವರು ಯಹೂದಿಗಳು. ಓಡಿಹೋಗದಂತೆ ತಡೆಯಲು ಮಾಡಿದ ಕಾನೂನು, ಓಡಿಸುವಾಗ ಸುಲಿಯುವ ಕಾನೂನಾಯಿತು. ಒಂದು ಅಕ್ಷರ ತಿದ್ದದೆ, ಬರೀ ಒಂದು ಅಂಕಿ ಬದಲಿಸಿದರೆ ಕಾನೂನಿನ ಉದ್ದೇಶವೇ ಹೇಗೆ ತಿರುಗಬಲ್ಲದು ಎಂಬುದನ್ನು ನಾವೆಲ್ಲ ಗಮನಿಸಬೇಕು ಎನಿಸುತ್ತದೆ. 1938ರ ಏಪ್ರಿಲ್‌ನಲ್ಲಿ ಅದು ಆಸ್ಟ್ರಿಯಾಕ್ಕೂ ಬಂತು. ಅದೇ ತಿಂಗಳ 26ರಂದು, 5,000 ಮಾರ್ಕ್‌ಗೂ ಹೆಚ್ಚು ಆಸ್ತಿಯಿರುವ ಪ್ರತಿಯೊಬ್ಬ ಯಹೂದಿಯೂ ಇದ್ದುದನ್ನೆಲ್ಲ ಬರೆದುಕೊಡಬೇಕು ಎಂಬ ಆಜ್ಞೆ ಹೊರಟಿತು.

ಫ್ರಾಯ್ಡ್ ಅವರ ಲೆಕ್ಕ ಹೀಗಿತ್ತು. ಅಧಿಕಾರಿಗಳು ಕಟ್ಟಿದ ಒಟ್ಟು ಆಸ್ತಿಯ ಬೆಲೆ 1,25,318 ಮಾರ್ಕ್. ಕಾಲು ಭಾಗ, 31,329 ಮಾರ್ಕ್. ಅದನ್ನು ಕಟ್ಟಿದರೆ ಬೇಬಾಕಿ ಪತ್ರ, ಬೇಬಾಕಿ ಪತ್ರ ಇದ್ದರೆ ಪ್ರಯಾಣ. ಆದರೆ ಕೈಯಲ್ಲಿದ್ದ ನಗದನ್ನು ಆಗಲೇ ಒಯ್ದಿದ್ದರು, ಬ್ಯಾಂಕಿನ ಖಾತೆಗೆ ಕೈ ಹಾಕುವಂತಿರಲಿಲ್ಲ. ತನ್ನದೇ ಹಣವನ್ನು ಮುಟ್ಟಲಾಗದವನು ಅದೇ ಹಣದ ಮೇಲೆ ತೆರಿಗೆ ಕಟ್ಟಬೇಕು. ಆ ಮೊತ್ತ ಕಟ್ಟಿದವರು ಮರೀ ಬೊನಪಾರ್ಟ್, ನೆಪೋಲಿಯನ್‌ನ ತಮ್ಮನ ವಂಶದವರು, ಗ್ರೀಸಿನ ರಾಜಕುಮಾರನ ಪತ್ನಿ, ಫ್ರಾಯ್ಡ್ ಅವರ ಶಿಷ್ಯೆ. ಸಾಮಾನ್ಯ ಯಹೂದಿ ದಂಪತಿಗೆ ಇಂಥ ಶಿಷ್ಯೆ ಎಲ್ಲಿಂದ ಬರಬೇಕು?

ಇನ್ನೊಂದು ಪ್ರಸಂಗ. ಮನೋವಿಶ್ಲೇಷಣೆಯ ಪುಸ್ತಕಗಳನ್ನು ಹೊರತರುತ್ತಿದ್ದ ಪ್ರಕಾಶನ ಸಂಸ್ಥೆಯನ್ನು ಮಗ ಮಾರ್ಟಿನ್ ನೋಡಿಕೊಳ್ಳುತ್ತಿದ್ದರು. ಅದರ ಪುಸ್ತಕಗಳ ದಾಸ್ತಾನನ್ನು ಸುರಕ್ಷಿತವಾಗಿರಲೆಂದು ಸ್ವಿಟ್ಜರ್ಲೆಂಡಿಗೆ ಕಳಿಸಲಾಗಿತ್ತು. ನಾಜಿಗಳು ಅದನ್ನು ವಾಪಸ್ ತರಿಸಿ ನಾಶ ಮಾಡಿದರು. ತರಿಸಿದ ಸಾಗಣೆ ವೆಚ್ಚವನ್ನು ಫ್ರಾಯ್ಡ್ ಅವರ ಖಾತೆಗೇ ಹಾಕಿದರು.

ಯಹೂದಿಗಳ ಉದ್ಯಮ, ಆಸ್ತಿಗಳ ಮೇಲೆ ಸರ್ಕಾರ ತನ್ನ ಮೇಲ್ವಿಚಾರಕರನ್ನು ಕೂರಿಸುತ್ತಿತ್ತು. ಫ್ರಾಯ್ಡ್ ಕುಟುಂಬಕ್ಕೆ ಹಾಗೆ ಬಂದವನು ಆಂಟನ್ ಸೌಅರ್‌ವಾಲ್ಡ್, ನಾಜಿ ಪಕ್ಷದವನು, ರಸಾಯನಶಾಸ್ತ್ರ ಓದಿದವನು. ಅವನ ಗುರು ಫ್ರಾಯ್ಡ್ ಅವರ ಗೆಳೆಯರು. ತನ್ನ ವಶಕ್ಕೆ ಬಂದ ಪುಸ್ತಕಗಳನ್ನು ಓದತೊಡಗಿದ ಅವನಿಗೆ ಆ ಮುದುಕರ ಮೇಲೆ ಗೌರವ ಹುಟ್ಟಿತು. ಫ್ರಾಯ್ಡ್ ಅವರಿಗೆ ಹೊರದೇಶದಲ್ಲಿ ಬ್ಯಾಂಕ್ ಖಾತೆಗಳಿದ್ದ ದಾಖಲೆ ಅವನ ಕೈಗೆ ಸಿಕ್ಕಿತ್ತು. ಅವನು ಒಂದು ಮಾತು ಬಾಯಿಬಿಟ್ಟಿದ್ದರೆ ಪ್ರಯಾಣ ಅಲ್ಲಿಗೇ ನಿಲ್ಲುತ್ತಿತ್ತು. ಅವರು ಗಡಿ ದಾಟುವವರೆಗೆ ಅವನು ಸುಮ್ಮನಿದ್ದ. ಯುದ್ಧದ ನಂತರ ಅವನು ವಿಚಾರಣೆ ಎದುರಿಸಬೇಕಾಗಿ ಬಂದಾಗ ಆನ್ನಾ ಅವನ ಪರವಾಗಿ ಪತ್ರ ಬರೆದುಕೊಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎಂಬ ಮಾತು ನಮ್ಮಲ್ಲಿದೆ. ಆ ಕಾಲದ ವಿಯೆನ್ನಾದಲ್ಲಿ ಪ್ರತಿ ಯಹೂದಿ ಕುಟುಂಬದ ಜೀವವೂ ಒಬ್ಬ ಇಂಥ ಪೂಜಾರಿಯ ಕೈಯಲ್ಲಿತ್ತು. ಫ್ರಾಯ್ಡ್ ಅವರ ಪಾಲಿಗೆ ಬಂದವನು ಓದುವ ಹವ್ಯಾಸ ಉಳ್ಳವನಾಗಿದ್ದ.

ಹಣದ ಲೆಕ್ಕದ ಜೊತೆಯಲ್ಲೇ ಸಾಮಾನಿನ ಲೆಕ್ಕ ನಡೆದಿತ್ತು. ಈಜಿಪ್ಟ್, ಗ್ರೀಸ್, ರೋಮ್, ಚೀನಾಗಳಿಂದ ಬಂದ ಎರಡು ಸಾವಿರಕ್ಕೂ ಹೆಚ್ಚು ಪುರಾತನ ವಿಗ್ರಹಗಳು, ಪಾತ್ರೆಗಳು ಫ್ರಾಯ್ಡ್ ಅವರ ಕೋಣೆಗಳಲ್ಲಿ ತುಂಬಿಕೊಂಡಿದ್ದವು. ಇವು ಹೊರಹೋಗಲು ವಸ್ತುಸಂಗ್ರಹಾಲಯದ ಅಧಿಕಾರಿಯ ಒಪ್ಪಿಗೆ ಬೇಕು. ಆತ 30,000 ಮಾರ್ಕ್ ಎಂದು ಕಡಿಮೆ ಬೆಲೆ ಕಟ್ಟಿದ್ದರಿಂದ ಅವು ಪಾರಾದವು. ಪಾರಾಗುತ್ತವೆ ಎಂಬ ಖಾತ್ರಿ ಇಲ್ಲದಿದ್ದಾಗ ಮರೀ ಬೊನಪಾರ್ಟ್ ಒಂದು ಪುಟ್ಟ ಕಂಚಿನ ಅಥೀನಾ ವಿಗ್ರಹವನ್ನು ತಾವೇ ಗುಟ್ಟಾಗಿ ಸಾಗಿಸಿ, ಪ್ಯಾರಿಸಿನಲ್ಲಿ ಫ್ರಾಯ್ಡ್ ಅವರ ಕೈಗಿತ್ತರು. ಎಲ್ಲ ಹೋದರೂ ಇದೊಂದಾದರೂ ಇರಲಿ ಎಂಬ ಕಾಳಜಿ. ಆ ಸಂಗ್ರಹದಲ್ಲಿ ನಮ್ಮ ದೇಶದ್ದೂ ಒಂದಿತ್ತು: 1931ರಲ್ಲಿ ಅವರ 75ನೇ ಹುಟ್ಟುಹಬ್ಬಕ್ಕೆ ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್ ಮತ್ತು ಸಂಗಡಿಗರು ಕಳಿಸಿದ್ದ ದಂತದ ವಿಷ್ಣು. ಅದೂ ಲಂಡನ್ನಿಗೆ ಹೋಯಿತು.

ಪುಸ್ತಕಗಳಲ್ಲಿ ಬೇಕಾದುದನ್ನು ಆರಿಸಿಕೊಂಡು ಸುಮಾರು 800ನ್ನು ಬಿಟ್ಟರು. ಎಡ್ಮಂಡ್ ಎಂಗೆಲ್‌ಮನ್ ಎಂಬ ಛಾಯಾಗ್ರಾಹಕ ಮೇ ತಿಂಗಳಲ್ಲಿ ಬಂದು ಪ್ರತಿ ಕೋಣೆಯನ್ನೂ ಸೆರೆಹಿಡಿದರು. ಹೊರಗಿನ ಗೆಸ್ಟಾಪೊ ಕಾವಲಿನವರ ಗಮನಕ್ಕೆ ಬರಬಾರದೆಂದು ಫ್ಲಾಶ್ ದೀಪ ಬಳಸಲಿಲ್ಲ. ಮನೆಯವರನ್ನು ಒಟ್ಟಿಗೆ ಬಿಡಲಿಲ್ಲ. ಮೇ 5ರಂದು ಮಾರ್ತಾ ಅವರ ತಂಗಿ ಮಿನ್ನಾ, ನಂತರ ಮಗ, ಮಗಳು. ಪ್ರತಿ ಸಲ ಬಾಗಿಲಲ್ಲಿ ನಿಂತು ಬೀಳ್ಕೊಟ್ಟವರು ಈ ಇಬ್ಬರು ಮುದುಕರು.

ತನ್ನನ್ನು ಸರಿಯಾಗಿ ನಡೆಸಿಕೊಳ್ಳಲಾಯಿತು ಎಂದು ಬರೆದುಕೊಡಬೇಕು ಎಂಬ ಷರತ್ತೂ ಇತ್ತು. ಫ್ರಾಯ್ಡ್ ಸಹಿ ಹಾಕುತ್ತಾ ಗೆಸ್ಟಾಪೊವನ್ನು ಹೊಗಳುವ ಒಂದು ವ್ಯಂಗ್ಯದ ಸಾಲು ಸೇರಿಸಿದರು ಎಂಬ ಕಥೆ ತುಂಬಾ ಪ್ರಸಿದ್ಧ. ಮುಂದೆ ಆ ಪತ್ರವೇ ಸಿಕ್ಕಾಗ ಅದರಲ್ಲಿ ಅಂಥ ಸಾಲು ಇರಲಿಲ್ಲ. ಹೆಂಡತಿ, ಮಗಳ ಪ್ರಾಣ ಆ ಸಹಿಯ ಮೇಲೆ ನಿಂತಿದ್ದಾಗ ಬರೀ ಸಹಿ ಹಾಕಿದ ಮುದುಕರು ನನಗೆ ಕಥೆಯ ನಾಯಕನಿಗಿಂತ ಹತ್ತಿರದವರು.

ಜೂನ್ 4ರಂದು ದಂಪತಿ, ಆನ್ನಾ, ಪೌಲಾ, ಜೊತೆಗೊಬ್ಬ ಡಾಕ್ಟರ್, ಮತ್ತು ಲ್ಯೂನ್ ಎಂಬ ನಾಯಿ ಓರಿಯಂಟ್ ಎಕ್ಸ್‌ಪ್ರೆಸ್ ಏರಿದರು. ಹೋಗಬೇಕಿದ್ದ ಡಾಕ್ಟರು ಮ್ಯಾಕ್ಸ್ ಶೂರ್. ಅವರಿಗೆ ಅಪೆಂಡಿಸೈಟಿಸ್ ಆಗಿ, ಬದಲಿಗೆ ಯೋಸೆಫೀನ್ ಸ್ಟ್ರಾಸ್ ಎಂಬ ಯುವ ವೈದ್ಯೆ ಬಂದರು. ಬೆಳಗಿನ ಜಾವ ರೈನ್ ನದಿ ದಾಟಿ ಫ್ರಾನ್ಸ್ ಸೇರಿದರು, ಒಂದು ದಿನ ಪ್ಯಾರಿಸಿನಲ್ಲಿ ತಂಗಿ, ಜೂನ್ 6ರಂದು ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ಇಳಿದರು. ನಾಯಿಯನ್ನು ನಿಯಮದಂತೆ ಆರು ತಿಂಗಳು ಪ್ರತ್ಯೇಕ ಇಡಲಾಯಿತು.

ಈಗ ಅದೇ ನಗರದ ಇನ್ನೊಂದು ದಂಪತಿಯನ್ನು ಊಹಿಸಿಕೊಳ್ಳಿ. ಗಂಡ 67, ಹೆಂಡತಿ 63, ಬಟ್ಟೆ ಅಂಗಡಿ ಇಟ್ಟಿದ್ದವರು. ಮಗ ಎರಡು ವರ್ಷದ ಹಿಂದೆ ನ್ಯೂಯಾರ್ಕಿಗೆ ಹೋಗಿದ್ದಾನೆ. 1938ರ ಮೇ ತಿಂಗಳಲ್ಲಿ ವಿಯೆನ್ನಾದ ಯಹೂದಿ ಸಮುದಾಯ ಸಂಸ್ಥೆ ವಲಸೆ ಹೋಗಬಯಸುವವರಿಗೆ ಒಂದು ಪ್ರಶ್ನಾವಳಿ ಕೊಡತೊಡಗಿತು: ನಿಮ್ಮ ಕಸುಬು ಯಾವುದು, ಹೊಸದಾಗಿ ಏನು ಕಲಿತಿದ್ದೀರಿ, ಯಾವ ಭಾಷೆ ಬರುತ್ತದೆ, ಕೈಯಲ್ಲಿ ಎಷ್ಟು ಹಣವಿದೆ, ಹೊರದೇಶದಲ್ಲಿ ಯಾರಿದ್ದಾರೆ. 30 ವರ್ಷದವರು ಬೀಗ ಮಾಡುವುದನ್ನೋ ಇಂಗ್ಲಿಷನ್ನೋ ಕಲಿತು ಬರೆಯಬಹುದು. 67ರವರು ಆ ಖಾಲಿ ಗೆರೆಯ ಮೇಲೆ ಏನು ಬರೆಯಬೇಕು?

ಮಗನ ಹತ್ತಿರ ಅಮೆರಿಕಕ್ಕೆ ಹೋಗೋಣ ಎಂದರೆ, ಅಲ್ಲಿನ ಕಾನೂನಿನಂತೆ ಜರ್ಮನಿ ಮತ್ತು ಆಸ್ಟ್ರಿಯಾ ಎರಡಕ್ಕೂ ಸೇರಿ ವರ್ಷಕ್ಕೆ 27,370 ಜನರಿಗೆ ಮಾತ್ರ ಅವಕಾಶ. ಕೇಳುವವರು ಲಕ್ಷಗಟ್ಟಲೆ, ಆದ್ದರಿಂದ ಸರತಿ ವರ್ಷಗಟ್ಟಲೆ. ಅಮೆರಿಕದ ಪ್ರಜೆಗಳ ತಂದೆತಾಯಿಗೆ ಆದ್ಯತೆ ಇತ್ತು ನಿಜ, ಆದರೆ ಪ್ರಜೆಯಾಗಲು ಐದು ವರ್ಷ ಬೇಕು. ಮಗ ಹೋಗಿ ಎರಡೇ ವರ್ಷ. ಸರತಿ ಬಂದರೂ, 'ಸಾರ್ವಜನಿಕರಿಗೆ ಹೊರೆಯಾಗುವ ಸಂಭವ' ಇರುವವರಿಗೆ ವೀಸಾ ಇಲ್ಲ ಎಂಬ ನಿಯಮ. ದುಡಿಯುವ ವಯಸ್ಸು ಮೀರಿದವರು ಎಂದರೆ ಕಾನ್ಸಲ್ ಕಚೇರಿಯ ಕಣ್ಣಿಗೆ ಮೊದಲು ಕಾಣುವುದೇ ಹೊರೆ. ಹಾಗಾಗದಂತೆ ಅಮೆರಿಕದಲ್ಲಿರುವ ಯಾರಾದರೂ ತನ್ನ ಆದಾಯ, ಉಳಿತಾಯಗಳ ವಿವರ ಕೊಟ್ಟು ಅಫಿಡವಿಟ್ ಮೂಲಕ ಜಾಮೀನು ನಿಲ್ಲಬೇಕು. ಹೊಸದಾಗಿ ಹೋದ ಮಗನ ಸಂಬಳ ಅದಕ್ಕೆ ಸಾಲುವುದಿಲ್ಲ. ಅವನು ಅಪರಿಚಿತರ ಮನೆಬಾಗಿಲಿಗೆ ಹೋಗಿ ಬೇಡಬೇಕು. ಪ್ಯಾಲೆಸ್ಟೈನಿಗೆ ಹೋಗೋಣವೆಂದರೆ ಸ್ವಂತ ಬಲದ ಮೇಲೆ ಹೋಗುವವರು ಸಾವಿರ ಪೌಂಡ್ ತೋರಿಸಬೇಕು. ಅದೇ ವರ್ಷದ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಎಂಬಲ್ಲಿ 32 ದೇಶಗಳ ಪ್ರತಿನಿಧಿಗಳು ಒಂಬತ್ತು ದಿನ ಕುಳಿತು ಈ ವಿಷಯವನ್ನೇ ಚರ್ಚಿಸಿದರು. ಮರುಕ ತೋರಿಸದ ದೇಶವಿರಲಿಲ್ಲ, ಬಾಗಿಲು ಅಗಲ ಮಾಡಿದ ದೇಶ ಡೊಮಿನಿಕನ್ ಗಣರಾಜ್ಯ ಒಂದನ್ನು ಬಿಟ್ಟರೆ ಇರಲಿಲ್ಲವೆಂದೇ ಹೇಳಬೇಕು.

ಈ ಕಾಗದಗಳಿಗೆಲ್ಲ ಅವಧಿ ಇತ್ತು ಎಂಬುದು ಇನ್ನೊಂದು ಗಂಟು. ಅಮೆರಿಕದ ವೀಸಾ ನಾಲ್ಕು ತಿಂಗಳು ಮಾತ್ರ ನಡೆಯುತ್ತಿತ್ತು. ವೀಸಾ ಬಂದಾಗ ಹಡಗಿನ ಟಿಕೆಟ್ ಸಿಗದು. ಟಿಕೆಟ್ ಸಿಕ್ಕಾಗ ತೆರಿಗೆಯ ಪತ್ರದ ಗಡುವು ಮುಗಿದಿರುತ್ತದೆ. ಅದನ್ನು ಹೊಸದಾಗಿ ಮಾಡಿಸುವಷ್ಟರಲ್ಲಿ ವೀಸಾ ಹಳತಾಗಿರುತ್ತದೆ. ಒಯ್ಯುವ ಸಾಮಾನಿನ ಪಟ್ಟಿಯಲ್ಲಿ ಕರವಸ್ತ್ರ, ಚಮಚಗಳಿಂದ ಹಿಡಿದು ಎಲ್ಲವನ್ನೂ 1933ಕ್ಕೆ ಮೊದಲು ಕೊಂಡದ್ದು, ಆಮೇಲೆ ಕೊಂಡದ್ದು, ಪ್ರಯಾಣಕ್ಕೆಂದೇ ಕೊಂಡದ್ದು ಎಂದು ವಿಂಗಡಿಸಬೇಕು. ಹೊಸದಾಗಿ ಕೊಂಡದ್ದಕ್ಕೆ ಮತ್ತೆ ಸುಂಕ. ಕೈಯಲ್ಲಿ ಒಯ್ಯಬಹುದಾದ ನಗದು ತಲೆಗೆ 10 ಮಾರ್ಕ್. ಉಳಿದದ್ದು ಸರ್ಕಾರ ಹಿಡಿದಿಟ್ಟ ಖಾತೆಗೆ. ಅದನ್ನು ವಿದೇಶಿ ಹಣಕ್ಕೆ ಬದಲಿಸಿಕೊಂಡರೆ 1939ರ ಸೆಪ್ಟೆಂಬರ್ ಹೊತ್ತಿಗೆ ನೂರಕ್ಕೆ ನಾಲ್ಕು ಭಾಗ ಮಾತ್ರ ಕೈಗೆ ಬರುತ್ತಿತ್ತು. ಜೀವಮಾನವಿಡೀ ಕೂಡಿಟ್ಟವರಿಗೇ ಈ ಪೆಟ್ಟು ಹೆಚ್ಚು. ಯುವಕ ಕಳೆದುಕೊಂಡದ್ದನ್ನು ಮತ್ತೆ ದುಡಿಯಬಲ್ಲ. ಮುದುಕರ ಮುಂದಿನ ಊಟವೇ ಆ ಉಳಿತಾಯ.

ವಯಸ್ಸು ಎಷ್ಟು ವ್ಯತ್ಯಾಸ ಮಾಡುತ್ತಿತ್ತು ಎಂಬುದಕ್ಕೆ ಬೆಂಗಳೂರಿನಲ್ಲೇ ಒಂದು ಗುರುತಿದೆ. ಬರ್ಲಿನ್ನಿನ ಯಹೂದಿ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು; ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ವಿನ್ಯಾಸ ಮಾಡಿದ ಕಟ್ಟಡಗಳಿವೆ. ಅದಕ್ಕೂ ಮೊದಲು, 1935–36ರಲ್ಲಿ, ಗೊಟ್ಟಿಂಗೆನ್‌ನಲ್ಲಿ ಹುದ್ದೆ ಕಳೆದುಕೊಂಡಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಅದೇ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದರು. ನಮ್ಮ ನಾಡು ಅವರಿಗೆ ಸ್ಥಳ ಕೊಟ್ಟದ್ದು ನನಗೆ ಹೆಮ್ಮೆಯ ವಿಷಯ. ಆದರೆ ಕೋನಿಗ್ಸ್‌ಬರ್ಗರ್ ಆಗ 30ರ ಆಸುಪಾಸಿನವರು, ಸಂಸ್ಥಾನಕ್ಕೆ ಬೇಕಾಗಿದ್ದ ಕಸುಬು ಅವರ ಕೈಯಲ್ಲಿತ್ತು. ಅಂಗಡಿ ಕಳೆದುಕೊಂಡ 67ರ ಮುದುಕರನ್ನು ಕೆಲಸಕ್ಕೆ ಕರೆಯುವ ಸಂಸ್ಥಾನ ಎಲ್ಲೂ ಇರಲಿಲ್ಲ.

ಫ್ರಾಯ್ಡ್ ಹೋದ ಎರಡು ತಿಂಗಳಿಗೆ, ಆಗಸ್ಟ್‌ನಲ್ಲಿ, ನಾಜಿ ಅಧಿಕಾರಿ ಅಡಾಲ್ಫ್ ಐಖ್ಮನ್ ವಿಯೆನ್ನಾದಲ್ಲಿ ಯಹೂದಿ ವಲಸೆಯ ಕೇಂದ್ರ ಕಚೇರಿಯನ್ನು ನಡೆಸತೊಡಗಿದ. ರಾಥ್‌ಶೀಲ್ಡ್ ಮನೆತನದಿಂದ ಕಿತ್ತುಕೊಂಡ ಅರಮನೆಯಲ್ಲೇ ಕಚೇರಿ. ಎಲ್ಲ ಇಲಾಖೆಗಳ ಮೇಜುಗಳೂ ಒಂದೇ ಸೂರಿನಡಿ. 1961ರಲ್ಲಿ ಜೆರುಸಲೇಮಿನಲ್ಲಿ ನಡೆದ ಐಖ್ಮನ್ ವಿಚಾರಣೆಯಲ್ಲಿ ಸಾಕ್ಷಿಯೊಬ್ಬರು ಅದನ್ನು ಹಿಟ್ಟಿನ ಗಿರಣಿಗೆ ಹೋಲಿಸಿದರು: ಈ ಕಡೆಯಿಂದ ಆಸ್ತಿ, ಅಂಗಡಿ, ಖಾತೆ ಇದ್ದ ಮನುಷ್ಯ ಒಳಗೆ ಹೋಗುತ್ತಾನೆ, ಮೇಜಿನಿಂದ ಮೇಜಿಗೆ ಸಾಗಿ, ಆ ಕಡೆಯಿಂದ ಬರಿಯ ಪಾಸ್‌ಪೋರ್ಟ್ ಹಿಡಿದು ಹೊರಬರುತ್ತಾನೆ. ಒಳಗಿನ ಬಾಗಿಲು ಹೀಗೆ ಬಲವಂತವಾಗಿ ತೆರೆದುಕೊಂಡಿತು, ಹೊರಗಿನದು ಮುಚ್ಚಿಯೇ ಇತ್ತು. ಆದರೂ 1941ರ ಅಕ್ಟೋಬರ್‌ನಲ್ಲಿ ವಲಸೆಯನ್ನೇ ನಿಷೇಧಿಸುವವರೆಗೆ ಆಸ್ಟ್ರಿಯಾದ ಯಹೂದಿಗಳಲ್ಲಿ ಹೆಚ್ಚಿನವರು ಹೇಗೋ ಪಾರಾದರು. ಉಳಿದವರಲ್ಲಿ ವಯಸ್ಸಾದವರು, ಅದರಲ್ಲೂ ವಯಸ್ಸಾದ ಹೆಂಗಸರು, ಬಹಳ. ಆಸ್ಟ್ರಿಯಾದ ಸುಮಾರು 65,000 ಯಹೂದಿಗಳು ಕೊಲೆಯಾದರು.

ಫ್ರಾಯ್ಡ್ ಅವರ ನಾಲ್ವರು ತಂಗಿಯರು ಆ ಉಳಿದವರಲ್ಲಿದ್ದರು: ರೋಸಾ, ಮಿಟ್ಸಿ, ಡಾಲ್ಫಿ, ಪೌಲಾ, 74ರಿಂದ 78ರೊಳಗಿನ ವಯಸ್ಸು. ಅಣ್ಣ ಮತ್ತು ತಮ್ಮ ಅಲೆಕ್ಸಾಂಡರ್ ಸೇರಿ ಅವರ ಜೀವನಕ್ಕೆಂದು 1,60,000 ಷಿಲಿಂಗ್ ಬಿಟ್ಟು ಹೋದರು. ಆಗಿನವರ ನಂಬಿಕೆ ಹಾಗಿತ್ತು: ಗಂಡಸರಿಗೆ, ಹೆಸರಿದ್ದವರಿಗೆ ಅಪಾಯ, ಮನೆಯಲ್ಲಿ ಕುಳಿತಿರುವ ಮುದುಕಿಯರನ್ನು ಯಾರು ಏನು ಮಾಡುತ್ತಾರೆ? ಆ ನಂಬಿಕೆಯನ್ನು ಇಂದು ಕುಳಿತು ಖಂಡಿಸುವುದು ಸುಲಭ. ಮರೀ ಬೊನಪಾರ್ಟ್ ಮುಂದೆ ಈ ನಾಲ್ವರನ್ನು ಫ್ರಾನ್ಸಿಗೆ ಕರೆಸಿಕೊಳ್ಳಲು ಪ್ರಯತ್ನಪಟ್ಟರು, ಕೈಗೂಡಲಿಲ್ಲ. ಅದೇ ಹಣ, ಅದೇ ಪ್ರಭಾವ, ಆದರೆ ಜಗತ್ತು ಬಲ್ಲ ಹೆಸರು ಈ ಅರ್ಜಿಯ ಮೇಲೆ ಇರಲಿಲ್ಲ. 1942ರಲ್ಲಿ ನಾಲ್ವರನ್ನೂ ಥೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಿದರು. ಡಾಲ್ಫಿ ಅಲ್ಲಿಯೇ ಸತ್ತರು. ಉಳಿದ ಮೂವರನ್ನು ಅಲ್ಲಿಂದ ಮುಂದಕ್ಕೆ ಒಯ್ದು ಕೊಂದರು.

ಫ್ರಾಯ್ಡ್ ಅವರಿಗೆ ಇದು ತಿಳಿಯಲಿಲ್ಲ. ಅವರು 1939ರ ಸೆಪ್ಟೆಂಬರ್ 23ರಂದು ಲಂಡನ್ನಿನಲ್ಲಿ ತೀರಿಕೊಂಡರು. ಮೇರ್ಸ್‌ಫೀಲ್ಡ್ ಗಾರ್ಡನ್ಸ್‌ನ 20ನೇ ಸಂಖ್ಯೆಯ ಮನೆಯಲ್ಲಿ ಮಗ ಅರ್ನ್‌ಸ್ಟ್ ಮತ್ತು ಮನೆಗೆಲಸದ ಪೌಲಾ ಸೇರಿ ವಿಯೆನ್ನಾದ ಕೋಣೆಯನ್ನೇ ಮರುಜೋಡಿಸಿದ್ದರು. ಮಂಚ, ಕಂಬಳಿ, ಮೇಜಿನ ಮೇಲೆ ಸಾಲಾಗಿ ವಿಗ್ರಹಗಳು. ಮಾರ್ತಾ ಆ ಮನೆಯಲ್ಲಿ 1951ರವರೆಗೆ ಬಾಳಿದರು. ಹ್ಯಾಂಬರ್ಗಿನ ಸಂಪ್ರದಾಯಸ್ಥ ಮನೆತನದವರು, ಅಜ್ಜ ಅಲ್ಲಿನ ಮುಖ್ಯ ರಬ್ಬಿ, ಅಂದರೆ ಯಹೂದಿ ಧರ್ಮಗುರು. ಮದುವೆಯಾದ ಮೇಲೆ ಗಂಡನಿಗೆ ಇಷ್ಟವಿಲ್ಲವೆಂದು ಯಹೂದಿಗಳು ವಾರದ ಪವಿತ್ರ ದಿನಕ್ಕೆಂದು ಶುಕ್ರವಾರ ಸಂಜೆ ಹಚ್ಚುವ ಸಬ್ಬತ್ ದೀಪವನ್ನು ನಿಲ್ಲಿಸಿದ್ದರು. ಗಂಡ ತೀರಿಕೊಂಡ ಮೇಲೆ ಲಂಡನ್ನಿನ ಮನೆಯಲ್ಲಿ ಅದನ್ನು ಮತ್ತೆ ಹಚ್ಚತೊಡಗಿದರು ಎಂದು ಹೇಳುತ್ತಾರೆ.

ಬೆರ್ಗ್‌ಗಾಸ್ಸೆ 19ರಲ್ಲಿ ಅವರು ಬಿಟ್ಟುಹೋದ ಕಟ್ಟಡವನ್ನು ಆಡಳಿತ ಖಾಲಿ ಬಿಡಲಿಲ್ಲ. ನಗರದ ಬೇರೆ ಬೇರೆ ಕಡೆಯ ಮನೆಗಳಿಂದ ಹೊರಹಾಕಿದ ಯಹೂದಿಗಳನ್ನು ತಂದು ಅಲ್ಲಿನ ಕೋಣೆಗಳಲ್ಲಿ ಒತ್ತೊತ್ತಾಗಿ ತುಂಬಿದರು. ಶಿಬಿರಗಳಿಗೆ ಸಾಗಿಸುವ ಸರದಿ ಬರುವವರೆಗೆ ಅವರು ಅಲ್ಲೇ ಇದ್ದರು.